ತಿಪ್ಪೆಗೆ ಇಟ್ಟ ಹೆಸರು

ನಾನು ಹುಟ್ಟಿದ ಮೇಲೆ ಕಂಡ ಮೊದಲ ಹೊರಲೋಕ ತಿಪ್ಪೆ. ಕುರುಗೋಡಿನಲ್ಲಿ ಅಜ್ಜಿಯ ಮನೆಯ ಹಿತ್ತಿಲಲ್ಲಿ, ಬಂಡೆಗುಡ್ಡದ ನೆರಳು ಮಧ್ಯಾಹ್ನದ ಮೇಲೆ ಬಂದು ಬೀಳುವ ಜಾಗದಲ್ಲಿ ಅದು ಇತ್ತು. ನನಗಿಂತ ಮುಂಚೆ ಹುಟ್ಟಿದ ಅಕ್ಕ ಓಡಾಡುವ ವಯಸ್ಸಿಗೆ ಬಂದು ತೀರಿಕೊಂಡಿದ್ದಳು. ಆಮೇಲೆ ಹುಟ್ಟಿದ ಗಂಡು ಕೂಸು ಬೆಳಕಿಗೆ ಕಣ್ಣು ಹೊಂದಿಸಿಕೊಳ್ಳುವುದರೊಳಗೆ ಹೋಗಿತ್ತು. ಹಾಗಾಗಿ ನನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬಂದರು. ಪಕ್ಕದ ಮನೆಯವಳು ಏನೂ ಗೊತ್ತಿಲ್ಲದವಳ ಹಾಗೆ ಆ ಕಡೆ ಹೋಗಿ, ಯಾರೋ ಕೂಸು ಒಗೆದು ಹೋಗಿದ್ದಾರೆ ಎನ್ನುತ್ತ ಎತ್ತಿಕೊಂಡು ಬಂದಳು. ಅವ್ವ ಅವಳಿಗೆ ಒಂದು ಮೊರ ಜೋಳ ಕೊಟ್ಟು ನನ್ನನ್ನು ಕೊಂಡುಕೊಂಡಳು. ಬಿಸಾಡಿದ ಕಸದ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ. ಮನೆಯಲ್ಲಿ ನನ್ನನ್ನು ಕರೆಯುವುದೂ ಆ ತಿಪ್ಪೆಯ ಹೆಸರಿನಿಂದಲೇ. ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಿಂತು ಆ ಹೆಸರು ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಅಷ್ಟು ಮಂದಿ ಬದುಕಿಕೊಂಡಿದ್ದೇವೆ.

ಶಾಲೆಗೆ ಸೇರಿಸುವಾಗ ಅಪ್ಪ ಬೇರೆ ಹೆಸರು ಬರೆಸಿದ. ಅದು ತೀರಿಹೋದ ಅಕ್ಕನ ಹೆಸರು. ಅಕ್ಕನಿಗೆ ಬಂದದ್ದು ಅಪ್ಪನ ತಾಯಿಯಿಂದ. ಹಿರಿಯರ ಹೆಸರು ಮನೆಯಲ್ಲಿ ಖಾಲಿ ಬಿದ್ದಿರಬಾರದಂತೆ. ಹಾಜರಿ ಕರೆಯುವಾಗ ಮಾಸ್ತರರು ಆ ಹೆಸರು ಹೇಳಿದೊಡನೆ ನಾನು ಒಂದು ಕ್ಷಣ ಬಾಯಿ ಬಿಡುತ್ತಿರಲಿಲ್ಲ. ಬೇರೆ ಯಾರಾದರೂ ಓಗೊಡುತ್ತಾರೇನೋ ಎಂದು ಕಾಯುತ್ತಿದ್ದೆ. ಯಾರೂ ಓಗೊಡದಿದ್ದ ಮೇಲೆ ಎದ್ದು ನಿಲ್ಲುತ್ತಿದ್ದೆ. ಮಾಸ್ತರರು ನನ್ನನ್ನು ಮಂದಬುದ್ಧಿಯವಳು ಎಂದುಕೊಂಡರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೊಟ್ಟೆಗೆ ಅದು. ಹುಚ್ಚಿಗೆ ಇನ್ನೊಂದು ಕೆಲಸವಿದೆ. ಪರದೆಯ ಮೇಲೆ ಕಾಣುವ ಪುಟ್ಟ ಪುಟ್ಟ ಚಿತ್ರಗಳಿವೆಯಲ್ಲ, ಕಡತ ತೆರೆಯಲು ಒಂದು, ಮುದ್ರಿಸಲು ಒಂದು, ಅಳಿಸಲು ಒಂದು, ಅವನ್ನು ಬರೆಯುವುದು, ಮತ್ತು ಅವುಗಳ ಹೆಸರು ಸರಿಪಡಿಸುವುದು. ಅಂಥ ಚಿತ್ರಗಳ ಒಂದು ಪೂರ್ತಿ ಕಟ್ಟಿಗೆ ಥೀಮ್ ಎನ್ನುತ್ತಾರೆ. ಮುಕ್ತ ತಂತ್ರಾಂಶದ ಲೋಕದಲ್ಲಿ ಯಾರು ಬೇಕಾದರೂ ಥೀಮ್ ಮಾಡಬಹುದು. ಹಿಂದೆ ಮಾಡಿದವರು ತಂತಮ್ಮ ಮನಸ್ಸಿಗೆ ಬಂದ ಹೆಸರು ಇಟ್ಟುಬಿಟ್ಟಿದ್ದರು. ಅಳಿಸಿದ್ದು ಬೀಳುವ ಜಾಗ ಒಬ್ಬನ ಥೀಮಿನಲ್ಲಿ ಬುಟ್ಟಿ, ಇನ್ನೊಬ್ಬನದರಲ್ಲಿ ಡಬ್ಬಿ, ಮತ್ತೊಬ್ಬನದರಲ್ಲಿ ಕಸ. ತಂತ್ರಾಂಶ ಒಂದು ಹೆಸರು ಹಿಡಿದು ಕೂಗಿದರೆ ಒಂದು ಥೀಮಿನಲ್ಲಿ ಚಿತ್ರ ಬರುತ್ತಿತ್ತು, ಇನ್ನೊಂದರಲ್ಲಿ ಬರುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕತೆ. ಅದಕ್ಕಾಗಿ ಎಲ್ಲರೂ ಸೇರಿ ಕಟ್ಟಳೆ ಮಾಡಿದರು: ಒಂದು ಕೆಲಸಕ್ಕೆ ಎಲ್ಲ ಕಡೆಯೂ ಒಂದೇ ಹೆಸರು. ಹೆಸರು ಚಿತ್ರಕ್ಕಲ್ಲ, ಕೆಲಸಕ್ಕೆ. ಚಿತ್ರ ನೀನು ಏನಾದರೂ ಬರೆದುಕೋ.

ಈ ಕೆಲಸದಲ್ಲಿ ನನ್ನನ್ನು ಮೊದಲಿನಿಂದಲೂ ಸ್ವಲ್ಪ ನಡುಗಿಸುತ್ತಿದ್ದ ಸಂಗತಿ ಒಂದಿದೆ. ಯಂತ್ರಕ್ಕೆ ಚಿತ್ರ ಗೊತ್ತಿಲ್ಲ. ಅದು ಹೆಸರು ಮಾತ್ರ ಕರೆಯುತ್ತದೆ. ಆ ಹೆಸರಿನ ಚಿತ್ರ ನನ್ನ ಥೀಮಿನಲ್ಲಿ ಇರದಿದ್ದರೆ ಸುಮ್ಮನಾಗುವುದಿಲ್ಲ. ನನ್ನದರ ತಾಯಿ ಥೀಮ್, ಅಂದರೆ ನನ್ನದಕ್ಕೆ ಆಧಾರವಾದ ಹಳೆಯ ಥೀಮ್, ಯಾವುದೆಂದು ನೋಡಿ ಅಲ್ಲಿ ಹುಡುಕುತ್ತದೆ, ಅಲ್ಲಿಯೂ ಇಲ್ಲದಿದ್ದರೆ ಅದರ ತಾಯಿಯಲ್ಲಿ. ಎಲ್ಲೋ ಹಿಂದಿನ ತಲೆಮಾರಿನಲ್ಲಿ ಆ ಹೆಸರಿನವರು ಸಿಕ್ಕರೆ ಎಬ್ಬಿಸಿ ಕರೆತಂದು ಪರದೆಯ ಮೇಲೆ ನಿಲ್ಲಿಸುತ್ತದೆ. ಎಷ್ಟೋ ಸಲ ನಾನು ಬರೆಯದ, ಯಾವತ್ತೂ ಕಾಣದ ಹಳೆಯ ಚಿತ್ರವೊಂದು ನನ್ನ ಚಿತ್ರಗಳ ನಡುವೆ ತಣ್ಣಗೆ ಕೂತಿರುವುದನ್ನು ನೋಡಿದ್ದೇನೆ. ಯಾರು ಬರೆದದ್ದೋ, ಬರೆದವರು ಇದ್ದಾರೋ ಇಲ್ಲವೋ.

ಅಳಿಸುವ ಕೆಲಸಕ್ಕೆ ಎಲ್ಲರೂ ಬರೆಯುತ್ತಿದ್ದುದು ತಗಡಿನ ಮುಚ್ಚಳದ ಕಸದ ಡಬ್ಬಿ. ಅಂಥದ್ದು ನಮ್ಮ ಊರಿನಲ್ಲಿ ಯಾರ ಮನೆಯಲ್ಲಿದೆ? ನನ್ನ ವಿದ್ಯಾರ್ಥಿಗಳು ಅದನ್ನು ನೋಡಿ ಬಕೆಟ್ ಎನ್ನುತ್ತಿದ್ದರು. ಅದಕ್ಕೇ ನಾನು ಅಳಿಸಿದ ಕಡತಗಳು ಹೋಗಿ ಬೀಳುವ ಜಾಗಕ್ಕೆ ತಿಪ್ಪೆ ಬರೆದೆ. ತಿಪ್ಪೆಯ ಬೆನ್ನಿನ ಗೆರೆ ಎಷ್ಟು ಸಲ ತಿದ್ದಿದರೂ ಸರಿ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಸಂಗನಕಲ್ಲಿಗೆ ಹೋದಾಗ ಅಲ್ಲಿನ ಬೂದಿದಿಬ್ಬದ ಗೆರೆಯನ್ನೇ ಇಳಿಸಿಕೊಂಡು ಬಂದೆ. ಅದೂ ತಿಪ್ಪೆಯೇ. ಕಲ್ಲಿನ ಕೊಡಲಿ ಹಿಡಿದ ಕಾಲದವರು ಸಗಣಿ ಒಟ್ಟಿ ಒಟ್ಟಿ ಸುಟ್ಟದ್ದು. ಆ ಜನ ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದೊಳಗೇ ಹೂಳುತ್ತಿದ್ದರಂತೆ. ಅಲ್ಲಿ ಅಗೆದು ನೋಡಿದವರು ಹೇಳುವ ಮಾತು. ಗೆರೆ ಎಳೆದುಕೊಳ್ಳುವಾಗ ನನಗೆ ಅದರ ನೆನಪಿರಲಿಲ್ಲ.

ಜೊತೆಗೆ ಕೆಲಸ ಮಾಡುವ ದೂರದೇಶದವರು, ಮುಖ ಕಾಣದವರು, ಇದೇನು ಗುಡ್ಡವೋ ಉಂಡೆಯೋ ಎಂದು ಮೂಗು ಮುರಿದರು. ಕಸ ಅನ್ನುವುದಕ್ಕೆ ಎಲ್ಲರಿಗೂ ತಿಳಿಯುವ ಚಿತ್ರ ಬೇಕು ಎಂದರು. ಹೆಸರು ನಿಮ್ಮದೇ ಇರಲಿ, ಚಿತ್ರ ನನ್ನದಿರಲಿ ಎಂದು ಜಗಳವಾಡಿ ಗೆದ್ದೆ. ಮೊದಲು ನಾನು ಅದಕ್ಕೆ ತಿಪ್ಪೆ ಎಂದೇ ಹೆಸರಿಟ್ಟಿದ್ದೆ. ಆಗ ಯಾವ ಯಂತ್ರವೂ ಅದನ್ನು ಕರೆಯಲಿಲ್ಲ. ಒಪ್ಪಿತ ಹೆಸರು ಕೊಟ್ಟ ದಿನವೇ ಅದು ಥೀಮ್ ಹಾಕಿದ ಎಲ್ಲ ಯಂತ್ರಗಳ ಪರದೆಯ ಮೂಲೆಯಲ್ಲಿ ಎದ್ದು ಕೂತಿತು.

ಅಂಥ ಒಂದು ಯಂತ್ರ ಸಿರುಗುಪ್ಪದಲ್ಲಿ ನನ್ನ ತಮ್ಮನ ಮನೆಯಲ್ಲಿತ್ತು. ಅವನು ಅಕ್ಕಿ ಗಿರಣಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ, ಮನೆ ಗಿರಣಿಯ ಹಿಂದೆಯೇ. ಉಮಿ ಸುಟ್ಟ ಕರಿಬೂದಿ ಒಣಗಲು ಹಾಕಿದ ಬಟ್ಟೆಯ ಮೇಲೂ ಊಟದ ತಟ್ಟೆಯ ಮೇಲೂ ಸದ್ದಿಲ್ಲದೆ ಉದುರುತ್ತಿರುತ್ತದೆ. ಗಿರಣಿಯ ಆಫೀಸಿನವರು ಬೇಡವೆಂದ ಹಳೆಯ ಕಂಪ್ಯೂಟರನ್ನು ಅವನು ಮನೆಗೆ ತಂದಿದ್ದ. ನಾನು ಅದಕ್ಕೆ ಹೊಸ ಜೀವ ಕೊಟ್ಟು ನನ್ನ ಥೀಮ್ ಹಾಕಿಕೊಟ್ಟಿದ್ದೆ. ಜಾಗ ಕಡಿಮೆಯೆಂದು, ತಿಪ್ಪೆಗೆ ಬಿದ್ದ ಕಡತ, ಅದು ಹುಟ್ಟಿದ ತಾರೀಖಿನಿಂದ ಒಂದು ತಿಂಗಳು ದಾಟಿದರೆ ತಾನಾಗಿಯೇ ಅಳಿದುಹೋಗುವಂತೆಯೂ ಮಾಡಿಟ್ಟಿದ್ದೆ.

ಅವ್ವ ತಮ್ಮನ ಜೊತೆಗೇ ಇರುತ್ತಾಳೆ. ಗಟ್ಟಿ ಹೆಂಗಸು, ಗಿರಣಿಯ ಹಮಾಲರಿಗೂ ಬೈಯುವವಳು. ಪರದೆಯ ಮೂಲೆಯ ಚಿತ್ರ ನೋಡಿದವಳೇ, ಅಯ್ಯ ಇದು ನಮ್ಮ ಹಿತ್ತಲ ತಿಪ್ಪೆಯಲ್ಲವೇ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಬೆರಳಿನಿಂದ ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ನನ್ನ ಕಲೆಯನ್ನು ಕಣ್ಣಿಗೊತ್ತಿಕೊಂಡ ಮೊದಲ ವಿಮರ್ಶಕಿ ಎಂದು ನಾನು ಮನಸ್ಸಿನಲ್ಲೇ ಬೀಗಿದೆ.

ತಮ್ಮನ ಹೆಂಡತಿಗೆ ಮೊದಲನೆಯದು ಹೆಣ್ಣಾಗಿತ್ತು. ತಿಂಗಳು ತುಂಬುವ ಮುಂಚೆಯೇ ಹುಟ್ಟಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಲವು ವಾರ ಇದ್ದು, ಹೆಸರಿಡುವ ಮುನ್ನವೇ ಹೋಯಿತು. ತಮ್ಮ ಆಗ ತೆಗೆದ ಫೋಟೋಗಳನ್ನು ಕಂಡಕಂಡವರಿಗೆಲ್ಲ ಕಳಿಸಿದ್ದ. ದೃಷ್ಟಿಯಾಗಿ ಹೋಯಿತು ಎಂದು ಅವ್ವ ಅವನನ್ನು ಬಹಳ ಕಾಲ ಕ್ಷಮಿಸಲಿಲ್ಲ. ತಮ್ಮನ ಹೆಂಡತಿ ಬಾಯಿಬಿಟ್ಟು ಅಳದೆ, ಒಂದು ಮಧ್ಯಾಹ್ನ ಆ ಯಂತ್ರದ ಮುಂದೆ ಕೂತು ಎಲ್ಲ ಫೋಟೋಗಳನ್ನೂ ತನ್ನ ಕೈಯಾರೆ ಅಳಿಸಿದಳು. ನಾನು ಥೀಮ್ ಹಾಕಿದ್ದು ಅದಾದ ಮೇಲೆ.

ಎರಡನೆಯದೂ ಹೆಣ್ಣು. ಅದೂ ಅವಸರದ್ದು, ಅದೇ ಆಸ್ಪತ್ರೆ, ಅದೇ ಗಾಜಿನ ಪೆಟ್ಟಿಗೆಗಳ ಕೋಣೆ. ಅಂಗೈಯಗಲದ ಕೂಸು. ಉಳಿಯಬಹುದು, ಹೇಳಲಾಗದು ಎಂದು ಡಾಕ್ಟರು ಹೇಳಿದರು. ತಮ್ಮನ ಹೆಂಡತಿ ಗಾಂಧಿನಗರದ ನನ್ನ ಮನೆಯಲ್ಲಿ ಉಳಿದು, ಹಾಲು ಕೊಡಲು ದಿನವೂ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ತಮ್ಮ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದು ಕೂಸನ್ನು ನೋಡಿ, ನರ್ಸಮ್ಮನನ್ನು ಕಾಡಿಬೇಡಿ ಗಾಜಿನಾಚೆಯಿಂದ ಫೋಟೋ ತೆಗೆದುಕೊಂಡು ಸಿರುಗುಪ್ಪಕ್ಕೆ ಹಿಂತಿರುಗುತ್ತಿದ್ದ. ಈ ಸಲ ಅವ್ವನ ಅಪ್ಪಣೆ ಬಿಗಿಯಾಗಿತ್ತು. ಯಾರಿಗೂ ಕಳಿಸಕೂಡದು, ಫೋನಿನಲ್ಲೂ ಇಟ್ಟುಕೊಳ್ಳಕೂಡದು. ಅವನು ಫೋಟೋವನ್ನು ಕಂಪ್ಯೂಟರಿಗೆ ಇಳಿಸಿ, ಅವ್ವನಿಗೆ ತೋರಿಸಿ, ಫೋನಿನಿಂದ ಅಳಿಸಿಬಿಡುತ್ತಿದ್ದ.

ರಜೆ ಸಿಕ್ಕಾಗ ನಾನು ಅವ್ವನ ಜೊತೆ ನಾಲ್ಕು ದಿನ ಇರೋಣವೆಂದು ಸಿರುಗುಪ್ಪಕ್ಕೆ ಹೋದೆ. ಥೀಮಿನ ಹೊಸ ಹೆಸರುಗಳನ್ನು ಆ ಹಳೆಯ ಯಂತ್ರದಲ್ಲಿ ಪರೀಕ್ಷಿಸುವುದೂ ಇತ್ತು. ಕೂತವಳು ಕೂಸಿನ ಫೋಟೋ ನೋಡೋಣವೆಂದು ತಮ್ಮ ಮಾಡಿಟ್ಟಿದ್ದ ಫೋಲ್ಡರ್ ತೆರೆದರೆ ಅದು ಖಾಲಿ. ಹುಡುಕಿದೆ. ಎಲ್ಲವೂ ತಿಪ್ಪೆಯಲ್ಲಿದ್ದವು. ತಿಪ್ಪೆಯಲ್ಲಿ ಬೇರೆ ಯಾವ ಕಸವೂ ಇರಲಿಲ್ಲ. ಬರೀ ಕೂಸು. ಮುಚ್ಚಿದ ಕಣ್ಣು, ಮೂಗಿಗೆ ನಳಿಕೆ, ಹುಟ್ಟಿದ ದಿನದಿಂದ ಹಿಡಿದು ಹೋದ ವಾರದವರೆಗೆ ಸಾಲಾಗಿ ಮಲಗಿತ್ತು.

ಅವನ್ನೆಲ್ಲ ಎತ್ತಿ ಮತ್ತೆ ಫೋಲ್ಡರಿಗೆ ಹಾಕಿದೆ. ತಮ್ಮ ತಾನು ಮುಟ್ಟಿಲ್ಲವೆಂದ. ಅವ್ವ, ನನಗೇನು ಗೊತ್ತು ಅದರ ಗೊಡವೆ ಎಂದಳು. ಮರುದಿನ ಮಧ್ಯಾಹ್ನ ನೋಡಿದರೆ ಮತ್ತೆ ತಿಪ್ಪೆಯಲ್ಲಿ, ಮತ್ತೆ ಅದೇ ಸಾಲಿನಲ್ಲಿ. ನಾನು ನನ್ನ ಕೆಲಸವನ್ನೇ ಅನುಮಾನಿಸಿದೆ. ಹೆಸರುಗಳನ್ನು ಒಂದಕ್ಕೊಂದು ಜೋಡಿಸುವಾಗ ಎಲ್ಲೋ ತಪ್ಪಿ, ಫೋಲ್ಡರಿನ ಹೆಸರು ಕರೆದರೆ ತಿಪ್ಪೆ ಓಗೊಡುವ ಹಾಗೆ ಮಾಡಿದ್ದೇನೆಯೇ? ಚಿತ್ರದ ಹೆಸರು ತಪ್ಪಿದರೆ ಚಿತ್ರ ಬದಲಾಗಬಹುದೇ ಹೊರತು ಕಡತಗಳು ಎದ್ದು ನಡೆಯುವುದಿಲ್ಲ ಎಂದು ನಾನೇ ಮಕ್ಕಳಿಗೆ ಪಾಠ ಮಾಡುವವಳು. ಆದರೂ ಒಂದೊಂದು ಹೆಸರನ್ನೂ ತೆಗೆದು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಸರಿಯಾಗಿದ್ದುದೇ ಹೆದರಿಕೆ ಹುಟ್ಟಿಸಿತು.

ಅದರ ಮರುದಿನ ನಾನು ಫೋಟೋಗಳನ್ನು ಮತ್ತೆ ಫೋಲ್ಡರಿಗೆ ಹಾಕಿ, ಸಂತೆಗೆ ಹೋಗುತ್ತೇನೆಂದು ಹೇಳಿ ಬಾಗಿಲ ಬಳಿಯೇ ನಿಂತೆ. ಅವ್ವ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದಳು. ಲಿಂಗಪೂಜೆಗೆ ಕೂರುವಷ್ಟೇ ಭಕ್ತಿಯಿಂದ ಯಂತ್ರದ ಮುಂದೆ ಕೂತಳು. ತಮ್ಮ ಫೋಟೋ ತೋರಿಸುವಾಗ ಅವಳು ಅವನ ಕೈಯನ್ನು ನೋಡಿ ಕಲಿತಿದ್ದಳು. ಮೌಸನ್ನು ಎರಡೂ ಕೈಯಿಂದ ಹಿಡಿದು, ಕೂಸಿನ ಒಂದು ಫೋಟೋವನ್ನು ಹಿಡಿದುಕೊಂಡು, ಪರದೆಯ ಅಡ್ಡಕ್ಕೆ ಮೆಲ್ಲಗೆ, ನಿದ್ದೆ ಕೆಡದ ಹಾಗೆ ಎಳೆದುಕೊಂಡು ಹೋಗಿ ತಿಪ್ಪೆಯ ಮೇಲೆ ಬಿಟ್ಟಳು. ಆಮೇಲೆ ಇನ್ನೊಂದು. ಪ್ರತಿ ಸಲ ಬಿಟ್ಟಾಗಲೂ ಬಾಯಲ್ಲಿ ಏನೋ ಅನ್ನುತ್ತಿದ್ದಳು. ಹೊರಗೆ ಗಿರಣಿ ಒಂದೇ ಸಮ ಗುಂಯ್‌ಗುಡುತ್ತಿತ್ತು, ನನಗೆ ಮಾತು ಕೇಳಿಸಲಿಲ್ಲ.

ನಾನು ಒಳಗೆ ನುಗ್ಗಿ, ಏನು ಮಾಡುತ್ತಿದ್ದೀಯ, ಅದು ಕಸ ಹಾಕುವ ಜಾಗ ಎಂದು ರೇಗಿದೆ. ಅವ್ವ ಬೆಚ್ಚಲಿಲ್ಲ.

"ಗೊತ್ತೈತಿ," ಅಂದಳು. "ತಿಪ್ಪ್ಯಾಗ ಇದ್ರ ಯಾರ ಕಣ್ಣೂ ಬೀಳಂಗಿಲ್ಲ. ನಿನ್ನ ಹಂಗ ಉಳಿಸ್ಕಂಡೀನಿ. ಇಕಿನ್ನ ಆಸ್ಪತ್ರಿಯವ್ರು ಹೊರಗ ಕೊಡವಲ್ರು, ನಾ ಎಲ್ಲಿ ಮಲಗಿಸ್ಲಿ?"

ನನಗೆ ಜೋರಾಗಿ ನಗಬೇಕೆನಿಸಿತು, ಆಗಲಿಲ್ಲ. ತಗಡಿನ ಡಬ್ಬಿಯ ಚಿತ್ರವೇ ಇದ್ದಿದ್ದರೆ ಅವಳು ಸತ್ತರೂ ಮೊಮ್ಮಗಳನ್ನು ಅದರೊಳಗೆ ಹಾಕುತ್ತಿರಲಿಲ್ಲ. ದೂರದೇಶದವರು ಕೇಳಿದ್ದು ಎಲ್ಲರಿಗೂ ತಿಳಿಯುವ ಚಿತ್ರ. ನಾನು ಬರೆದದ್ದು ನಮ್ಮ ಅವ್ವನಿಗೆ ಚೆನ್ನಾಗಿ ತಿಳಿದಿತ್ತು, ಅದೇ ಫಜೀತಿ. ಒಂದು ತಿಂಗಳಾದ ಮೇಲೆ ಅಲ್ಲಿರುವುದೆಲ್ಲ ಅಳಿದುಹೋಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು. ಕೂಸಿಗೆ ಉಸಿರಾಟ ತಪ್ಪಿ ತಪ್ಪಿ ಬರುತ್ತಿದೆ ಎಂದು ತಮ್ಮನ ಹೆಂಡತಿ ಅಳುತ್ತಿದ್ದಳು. ತಮ್ಮನನ್ನು ಕರೆದುಕೊಂಡು ನಾನು ಸಿಕ್ಕಿದ ಬಸ್ಸು ಹತ್ತಿ ಬಳ್ಳಾರಿಗೆ ಹೊರಟೆ, ಹೇಳಬೇಕಾದದ್ದು ಹಾಗೇ ಉಳಿಯಿತು.

ಆ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಕೂಸು ಒಂದು ಹೊತ್ತು ಕೆಂಪಾಗುತ್ತಿತ್ತು, ಒಂದು ಹೊತ್ತು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಗಾಜಿನ ಹೊರಗೆ ನಿಂತು ನಾವು ಅದರ ಎದೆಯನ್ನು ನೋಡುತ್ತಿದ್ದೆವು. ಎರಡು ಉಸಿರಿನ ನಡುವೆ ಕೆಲವು ಸಲ ಬಹಳ ಹೊತ್ತಾಗುತ್ತಿತ್ತು, ಆಗ ನಾವು ಮೂವರೂ ಉಸಿರಾಡುತ್ತಿರಲಿಲ್ಲ.

ಅವ್ವ ಫೋನು ಮಾಡಿದಳು. ಅವಳ ದನಿ ವಿಚಿತ್ರವಾಗಿತ್ತು. ತಿಪ್ಪೆಯಲ್ಲಿ ಮೊದಲನೆಯ ದಿನದ ಕೂಸು ಇಲ್ಲ ಎಂದಳು. ಮುಂದಿನ ಸಲ ಮಾಡಿದಾಗ ಅದರ ಪಕ್ಕದ್ದೂ ಇರಲಿಲ್ಲ. ಅವಳು ಹೆದರಿದ್ದಳೋ ಹಿಗ್ಗಿದ್ದಳೋ ನನಗೆ ತಿಳಿಯಲಿಲ್ಲ. ಹೇಗೂ ಬಟ್ಟೆ ತರಲು ಹೋಗಬೇಕಾಗಿತ್ತು, ಹೋಗಿ ಕಣ್ಣಾರೆ ನೋಡಿದೆ. ಸಾಲು ಬಲದಿಂದ ಬೆಳೆಯುತ್ತಿತ್ತು, ಎಡದಿಂದ ಕರಗುತ್ತಿತ್ತು. ತಮ್ಮ ಹೊಸ ಫೋಟೋ ತಂದು ಹಾಕುತ್ತಿದ್ದ, ಅವ್ವ ಅದನ್ನು ತಿಪ್ಪೆಯಲ್ಲಿ ಮಲಗಿಸುತ್ತಿದ್ದಳು, ತಿಂಗಳ ಗಡುವು ಮುಗಿದದ್ದನ್ನು ಯಂತ್ರ ಸದ್ದಿಲ್ಲದೆ ತೆಗೆದುಹಾಕುತ್ತಿತ್ತು. ಹುಟ್ಟಿದ ಕೂಸು ಹುಟ್ಟಿದ ದಿನದ ಕಡೆಯಿಂದಲೇ ಇಲ್ಲವಾಗುತ್ತ ಬರುತ್ತಿತ್ತು.

ಅದನ್ನು ನಿಲ್ಲಿಸುವುದು ಒಂದು ಗುಂಡಿ ಒತ್ತುವಷ್ಟೇ ಕೆಲಸ. ನಾನು ಆ ಪುಟ ತೆರೆದು ಮೌಸಿನ ಮೇಲೆ ಕೈ ಇಟ್ಟೆ. ಅವ್ವ ಹಿಂದಿನಿಂದ ಬಂದು ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಬ್ಯಾಡ. ಚಿತ್ರ ತಗೊಂಡು ಕೂಸು ಬಿಡಾಕತ್ತೈತಿ. ನಡುವ ನೀ ಕೈ ಹಾಕಬ್ಯಾಡ."

ಅವಳ ಕೈ ಮಂಜಿನಂತೆ ತಣ್ಣಗಿತ್ತು. ಇದೆಲ್ಲ ನಾನೇ ಮಾಡಿಟ್ಟ ಏರ್ಪಾಡು, ಇದರಲ್ಲಿ ಸಾವೂ ಇಲ್ಲ ದೇವರೂ ಇಲ್ಲ ಎಂದು ಅವಳಿಗೆ ಹೇಳಬಹುದಾಗಿತ್ತು. ಹೇಳಿದ್ದರೆ ಅವಳಿಗೆ ಅರ್ಥವೂ ಆಗುತ್ತಿತ್ತು, ದಡ್ಡಿಯಲ್ಲ. ಆದರೆ ಅವತ್ತು ಬೆಳಿಗ್ಗೆಯಷ್ಟೇ ಆ ಬೂದಿ ಬಣ್ಣದ ಮುಖ ನೋಡಿ ಬಂದಿದ್ದೆ. ಗುಂಡಿ ಒತ್ತಿ, ಅದೇ ಗಳಿಗೆಗೆ ಅಲ್ಲಿ ಏನಾದರೂ ಆಗಿಬಿಟ್ಟರೆ? ಅವ್ವನಿಗಲ್ಲ, ನನಗೆ ನಾನು ಏನು ಹೇಳಿಕೊಳ್ಳಲಿ? ನನಗೆ ಹೆದರಿಕೆಯಾಯಿತು. ಕಲಿತ ವಿದ್ಯೆ ಒಂದು ಕಡೆ ಇದ್ದರೆ ಹೆದರಿಕೆ ಇನ್ನೊಂದು ಕಡೆ ಇರುತ್ತದೆ, ಎರಡೂ ಭೇಟಿಯಾಗುವುದಿಲ್ಲ. ಪುಟ ಮುಚ್ಚಿದೆ.

ಕೂಸು ಉಳಿಯಿತು. ಮೊದಲು ನಳಿಕೆ ಹೋಯಿತು, ಆಮೇಲೆ ಪೆಟ್ಟಿಗೆ ಹೋಯಿತು, ಅಮ್ಮನ ಎದೆಗೆ ಕಚ್ಚಿಕೊಳ್ಳುವಷ್ಟು ಕಸುವು ಬಂತು. ಕೊನೆಕೊನೆಗೆ ತಮ್ಮ ಫೋಟೋ ತೆಗೆಯುವುದನ್ನೇ ಮರೆತಿದ್ದ. ಎತ್ತಿಕೊಳ್ಳುವ ಹಾಗಾದ ಮೇಲೆ ಯಾರಿಗೆ ಬೇಕು ಫೋಟೋ. ಎಲ್ಲರೂ ಕಾರಿನಲ್ಲಿ ಸಿರುಗುಪ್ಪ ತಲುಪಿದಾಗ ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ಅವ್ವ ಆರತಿ ಎತ್ತಿ ಕೂಸನ್ನು ಒಳಗೆ ಕರೆದುಕೊಂಡಳು. ಅದಾಗಿ ಕೆಲವು ವಾರಕ್ಕೆ ತಿಪ್ಪೆ ಪೂರ್ತಿ ಬರಿದಾಯಿತು. ಅವ್ವ ಅದಕ್ಕೆ ಪರದೆಯ ಮೇಲೇ ಅರಿಶಿನ ಕುಂಕುಮ ಹಚ್ಚಿದಳು. ಒರೆಸಿ ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು.

ಹೆಸರಿಡುವ ದಿನ ಗೊತ್ತಾಯಿತು. ಅವ್ವ ತಿಪ್ಪೆಯ ಹೆಸರೇ ಇಡಬೇಕೆಂದು ಹಟ ಹಿಡಿಯುತ್ತಾಳೆಂದುಕೊಂಡಿದ್ದೆ, ಹಿಡಿಯಲಿಲ್ಲ. ತಮ್ಮ ಮತ್ತು ಅವನ ಹೆಂಡತಿ ಆರಿಸಿದ ಹೊಸಕಾಲದ ಹೆಸರಿಗೆ ತಲೆಯಾಡಿಸಿದಳು. ಹಿಂದಿನ ದಿನ ಮಧ್ಯಾಹ್ನ ತಮ್ಮನ ಹೆಂಡತಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ಒಂದರ ಫೋಟೋ ತಗದು ಕೊಡ್ರಿ. ಆಕಿ ಎಷ್ಟು ಸಣ್ಣಾಕಿ ಇದ್ಲು ಅಂತ ದೊಡ್ಡಾಕಿ ಆದಮ್ಯಾಲ ತೋರಸ್ಬೇಕು ನಾನು."

ಅಳಿದದ್ದನ್ನು ಹುಡುಕಿ ತೆಗೆಯುವ ತಂತ್ರಾಂಶಗಳಿವೆ. ಯಂತ್ರ ಅಳಿಸುವಾಗ ಮೊದಲು ತೆಗೆಯುವುದು ಹೆಸರನ್ನು. ಚಿತ್ರ ಒಳಗೆಲ್ಲೋ ಬಹಳ ಕಾಲ ಹಾಗೇ ಬಿದ್ದಿರುತ್ತದೆ. ಬೇಡ ಎಂದು ಅವ್ವ ಅಡುಗೆಮನೆಯಿಂದಲೇ ಹೇಳಿದಳು. ಹೋದದ್ದನ್ನು ತಿರುಗಿ ಕರೆಯಬಾರದು ಎಂದಳು. ಕೂಸು ಎದುರಿಗೆ ಆಕಳಿಸುತ್ತಿತ್ತು, ನನ್ನ ಧೈರ್ಯವೆಲ್ಲ ಹಿಂತಿರುಗಿತ್ತು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗೊಣಗಿಕೊಂಡು ಕೆಲಸ ಶುರುಮಾಡಿದೆ.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಚಿತ್ರಗಳು ಒಂದೊಂದಾಗಿ ಮೇಲೆ ಬರತೊಡಗಿದವು. ಹೆಸರಿಲ್ಲ, ತಾರೀಖಿಲ್ಲ, ಬರೀ ಮುಖ. ಗಾಜಿನ ಪೆಟ್ಟಿಗೆಯಲ್ಲಿ ಕೂಸು. ಮುಚ್ಚಿದ ಕಣ್ಣು, ಮೂಗಿಗೆ ನಳಿಕೆ, ಆಸ್ಪತ್ರೆಯ ಅದೇ ಹಸಿರು ಬಟ್ಟೆ. ಇನ್ನೊಂದು, ಮತ್ತೊಂದು. ತಮ್ಮನ ಹೆಂಡತಿ ನನ್ನ ಕುರ್ಚಿಯ ಬೆನ್ನು ಹಿಡಿದು ನಗುತ್ತ ನೋಡುತ್ತಿದ್ದಳು. ತಮ್ಮ ತೆಗೆದದ್ದಕ್ಕಿಂತ ಜಾಸ್ತಿಯೇ ಬರುತ್ತಿವೆಯಲ್ಲ ಎಂದು ನನಗೆ ಅನಿಸತೊಡಗಿತು. ಬರುತ್ತಲೇ ಇದ್ದವು. ಆಗ ನನಗೆ ಹೊಳೆಯಿತು. ಇದೇ ಯಂತ್ರದಿಂದ ಇವಳು ಹಿಂದೆ ತನ್ನ ಕೈಯಾರೆ ಅಳಿಸಿದ್ದವೂ ಇವುಗಳ ಜೊತೆ ಎದ್ದು ಬರುತ್ತಿದ್ದವು. ಇಬ್ಬರು ಅಕ್ಕತಂಗಿಯರು ಒಂದೇ ಪೆಟ್ಟಿಗೆ, ಒಂದೇ ಬಟ್ಟೆ, ಒಂದೇ ಮುಖ ಹೊತ್ತು ಕಲಸಿಹೋಗಿದ್ದರು. ಯಾರು ಯಾರೆಂದು ಹೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ನಿಲ್ಲಿಸಬೇಕೆಂದು ಕೈ ಚಾಚಿದೆ. ಅಷ್ಟರಲ್ಲಿ ಅವಳು ಪರದೆಗೆ ಬೆರಳು ಮುಟ್ಟಿಸಿ, ಇದು, ಇದೇ ಚೆಂದವಿದೆ ಎಂದಳು. ದೊಡ್ಡದು ಮಾಡಿ ತೋರಿಸಿದೆ. ಕೂಸು ಅಪ್ಪನ ಬಲಗೈಯ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ನೋಡ್ರಿ, ಈಗಲೂ ಹೀಗೇ ಹಿಡಿದುಕೊಳ್ಳುತ್ತಾಳೆ ಎಂದು ಅವಳು ಕೂಸಿನ ಕೆನ್ನೆಗೆ ಮುತ್ತಿಟ್ಟಳು.

ಆ ಬೆರಳು ಪೂರ್ತಿ ಇತ್ತು, ಉಗುರಿನವರೆಗೆ. ನನ್ನ ತಮ್ಮನ ಬಲಗೈಯ ತೋರುಬೆರಳಿನ ತುದಿ ಗಿರಣಿಯ ಬೆಲ್ಟಿಗೆ ಸಿಕ್ಕು ಹೋಗಿದೆ. ಅದು ಹೋದದ್ದು ಮೊದಲನೆಯ ಕೂಸು ತೀರಿಕೊಂಡ ಮೇಲೆ, ಇದು ಹೊಟ್ಟೆಯಲ್ಲಿದ್ದಾಗ.

ಅವಳು ನೋಡುತ್ತಿದ್ದುದು ಕೂಸಿನ ಮುಖವನ್ನು. ಅವ್ವ ಯಾವಾಗ ಒಳಗೆ ಬಂದಳೋ, ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಕಣ್ಣು ಆ ಬೆರಳಿನ ಮೇಲೆ ಇತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇದು ಇವಳಲ್ಲ ಎಂದು ಆ ತಾಯಿಗೆ ಹೇಳುವವರು ನಮ್ಮಿಬ್ಬರಲ್ಲಿ ಒಬ್ಬರಾಗಬೇಕಿತ್ತು.

ಉಳಿಸಲು ಯಂತ್ರ ಹೆಸರು ಕೇಳಿತು. ಏನೆಂದು ಹಾಕಲಿ ಎಂದು ನಾನು ಕೇಳಿದೆ. ತಮ್ಮನ ಹೆಂಡತಿ, ಇನ್ನೇನು, ಇವಳ ಹೆಸರೇ ಎಂದಳು.

"ಹಾಕು ಯವ್ವಾ," ಅಂದಳು ಅವ್ವ. "ಅದಕೂ ಒಂದು ಹೆಸರು ಇರ್ಲಿ."

ತಮ್ಮನ ಹೆಂಡತಿ ಆ ಮಾತಿಗೆ ನಕ್ಕಳು. ನಾನು ಹೆಸರು ಬರೆದು ಉಳಿಸಿದೆ. ಉಳಿದವೆಲ್ಲವನ್ನೂ ನೋಡದೆ ಮುಚ್ಚಿಬಿಟ್ಟೆ. ಮರುದಿನ ತೊಟ್ಟಿಲಲ್ಲಿ ಹಾಕಿ, ಕಿವಿಯಲ್ಲಿ ಊದಿ, ಕೂಸಿಗೆ ಅದೇ ಹೆಸರು ಇಟ್ಟರು.

ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ. ಈಗ ಹುಡುಗಿಗೆ ಮಾತು ಬಂದಿದೆ, ನಾನು ಹೋದರೆ ಸೆರಗು ಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸುತ್ತಾಳೆ. ಯಾರಿದು ಎಂದು ನಾನು ಕೇಳಬೇಕು, ಅದು ಅವಳ ಆಟ. ಕೇಳುತ್ತೇನೆ. "ನಾ" ಅನ್ನುತ್ತಾಳೆ. ಆಮೇಲೆ ನಾನು ಹೌದು ಅನ್ನುವವರೆಗೆ ಸೆರಗು ಬಿಡುವುದಿಲ್ಲ. ಹೌದು ಅನ್ನುತ್ತೇನೆ.